‘ಹೊಂದ್ಕೊಂಡ ಹೋಗವ್ವಾ’ ಎಂಬಲ್ಲಿಂದ ಈಚೆಗೆ

ಗಂಡ ಹೊಡೆದನೆಂದು ತವರಿಗೆ ಬಂದ ಮಗಳಿಗೆ ಗೋಕಾಕ, ಹುಕ್ಕೇರಿ ಕಡೆ ಮೊದಲು ಸಿಗುತ್ತಿದ್ದುದು ಹಿರಿಯರ ನ್ಯಾಯ. ನಾಲ್ಕು ಮಂದಿ ಕಟ್ಟೆಗೆ ಕೂಡುತ್ತಿದ್ದರು, ಅಳಿಯನಿಗೆ ಬುದ್ಧಿ ಹೇಳುತ್ತಿದ್ದರು, ‘ಹೊಂದ್ಕೊಂಡ ಹೋಗವ್ವಾ’ ಎಂದು ಅವಳನ್ನು ಬಸ್ಸು ಹತ್ತಿಸುತ್ತಿದ್ದರು. ಆಪ್ತಸಮಾಲೋಚನೆ ಈ ಕಟ್ಟೆ ಇಳಿದು ಬಹಳ ದೂರ ಬಂದಿದೆ. ಪೂರ್ತಿ ಬಂದಿದೆ ಎನ್ನಲಾರೆ.

1983ರಲ್ಲಿ ದಂಡಸಂಹಿತೆಗೆ 498ಎ ಸೇರಿತು. ಗಂಡನ ಮನೆಯ ಕ್ರೌರ್ಯ ಅಪರಾಧವಾಯಿತು. ಮರುವರ್ಷ ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಪೊಲೀಸ್ ಕಚೇರಿಯೊಳಗೇ ಮಹಿಳೆಯರಿಗಾಗಿ ವಿಶೇಷ ಘಟಕ ತೆರೆದರು. ಕೌಟುಂಬಿಕ ಸಲಹಾ ಕೇಂದ್ರಗಳು ಹುಟ್ಟಿದ್ದೂ ಆ ದಶಕದಲ್ಲೇ. ಆದರೆ ಎಷ್ಟು ಮನೆ ಕೂಡಿಸಿದೆವು ಎಂಬ ಲೆಕ್ಕವೇ ಬಹುಕಾಲ ಗೆಲುವಿನ ಅಳತೆಯಾಗಿತ್ತು.

ಈ ಸೀಮೆಗೆ ತನ್ನದೇ ಒಂದು ಎಳೆಯೂ ಇದೆ. ಗಂಡನ ಮನೆಯೇ ಇಲ್ಲದ ಹೆಂಗಸರದು. ದೇವದಾಸಿ ಪದ್ಧತಿಯಿಂದ ಹೊರಬಂದವರು ಘಟಪ್ರಭೆಯಲ್ಲಿ 1997ರಲ್ಲಿ ‘ಮಾಸ್’ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನೋವು ಉಂಡವಳ ಎದುರು ಬಾಯಿ ಬಿಡುವುದು ಸುಲಭ. ಪದವಿ ಪಡೆದ ಸಮಾಲೋಚಕಿಗೆ ಇದು ತಡವಾಗಿ ತಿಳಿಯುವ ಪಾಠ.

2000–01ರಲ್ಲಿ ರಾಜ್ಯ ಸರ್ಕಾರ ನೊಂದ ಹೆಂಗಸರಿಗಾಗಿ ಸಾಂತ್ವನ ಯೋಜನೆ ತಂದು, ಕೇಂದ್ರಗಳನ್ನು ಸ್ವಯಂಸೇವಾ ಸಂಸ್ಥೆಗಳ ಕೈಗಿತ್ತಿತು. ನಿಜವಾದ ತಿರುವು ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ. ಅದು ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಸಮಾಲೋಚನೆಯಲ್ಲಿ ಹೊಡೆದವನು ತನ್ನ ಹೊಡೆತಕ್ಕೆ ಸಮರ್ಥನೆ ಕೊಡುವಂತಿಲ್ಲ ಎನ್ನುತ್ತವೆ ಅದರ ನಿಯಮಗಳು. ‘ಸಾರಿಗೆ ಉಪ್ಪು ಹೆಚ್ಚಾಗಿತ್ರಿ’ ಎಂಬ ಮಾತಿಗೆ ಕಟ್ಟೆಯಲ್ಲಿ ಕಿವಿ ಸಿಗುತ್ತಿತ್ತು, ಇಲ್ಲಿ ಸಿಗಬಾರದು. ನಮ್ಮಲ್ಲಿ ಈ ಕಾಯ್ದೆಯಡಿಯ ರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅಂಗನವಾಡಿಗಳ ಭಾರ ಹೊತ್ತವರ ಹೆಗಲಿಗೇ ಇದನ್ನೂ ಹೇರಿದ್ದು ಸರಿಯೆನಿಸುವುದಿಲ್ಲ.

2015ರಿಂದ ಸಖಿ ಕೇಂದ್ರಗಳು ಬಂದವು: ಚಿಕಿತ್ಸೆ, ಪೊಲೀಸು, ವಕೀಲರು, ಆಸರೆ ಒಂದೇ ಸೂರಿನಡಿ. ಆದರೆ ಆ ಸೂರು ಜಿಲ್ಲಾ ಮಟ್ಟದ್ದು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದದ್ದೇ 2018ರಲ್ಲಿ. ಅಲ್ಲಿಯ ಹೆಣ್ಣಿಗೆ ಬೆಳಗಾವಿ ಇಂದಿಗೂ ಒಂದು ದಿನದ ಕೂಲಿ ಬಿಟ್ಟು ಹೋಗುವ ಊರು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿ ಟಿಕೆಟ್ ದುಡ್ಡು ಉಳಿಯಿತು, ಕೂಲಿ ಉಳಿಯಲಿಲ್ಲ.

ಅಗತ್ಯವಂತೂ ಕಡಿಮೆಯಾಗಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದೆವೆಂದ ಕರ್ನಾಟಕದ ವಿವಾಹಿತೆಯರು ಶೇ. 44.4, ಹಿಂದಿನ ಸಮೀಕ್ಷೆಯಲ್ಲಿ ಶೇ. 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ? ಎರಡೂ ಇರಬಹುದು.

ಒಳ್ಳೆಯ ಸಮಾಲೋಚಕಿ ಮೊದಲು ಕೇಳುವುದು ‘ತಪ್ಪು ಯಾರದು’ ಎಂದಲ್ಲ, ‘ಇವತ್ತ ರಾತ್ರಿ ಎಲ್ಲಿ ಮಲಗ್ತೀರಿ?’ ಎಂದು. ಆಮೇಲೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಒಂದು ಚೀಲದಲ್ಲಿ ಹಾಕಿ ನೆರೆಮನೆಯಲ್ಲಿಡುವ ಯೋಚನೆ. ಅಷ್ಟು ಹೊತ್ತೂ ಬೆಂಚಿನ ತುದಿಯಲ್ಲಿ ಅವ್ವನ ಸೆರಗು ಹಿಡಿದು ಕೂತ ಮಗು? ಈ ಕ್ಷೇತ್ರ ಅತಿ ಹಿಂದೆ ಉಳಿದಿರುವುದು ಅಲ್ಲೇ. ಅದಕ್ಕೆ ಬಿಸ್ಕತ್ತು ಸಿಗುತ್ತದೆ, ಮಾತು ಸಿಗುವುದಿಲ್ಲ. ರಾತ್ರಿ ಹಾಸಿಗೆ ಒದ್ದೆಯಾಗುವುದು, ಶಾಲೆಯಲ್ಲಿ ದನಿ ಅಡಗುವುದು ಪೆಟ್ಟು ಕಂಡ ಮಕ್ಕಳಲ್ಲಿ ಕಾಣುವ ಗುರುತುಗಳೆಂದು ಶಿಕ್ಷಕರಿಗಾದರೂ ತಿಳಿದಿರಬೇಕು.

ಹೆಂಗಸರಿಗೆ 181, ಮಕ್ಕಳಿಗೆ 1098. ಎರಡೂ ಹಗಲು ರಾತ್ರಿ ಎತ್ತುವ ಫೋನುಗಳು. ನಿಮ್ಮೂರ ಶಾಲೆಯ ಗೋಡೆಯ ಮೇಲೆ ಈ ಎರಡು ಸಂಖ್ಯೆ ಇವೆಯೇ, ನೋಡಿ. ಇಲ್ಲದಿದ್ದರೆ ಬರೆಸಿ.