ಬೋರ್ಡ್ ಅಂಗಡಿಯ ವಿಂಡೋಸ್

2017ರ ರಾಜ್ಯ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕುಗಳ ಘೋಷಣೆಯಾಯಿತು. ಅವುಗಳಲ್ಲಿ ಅಜ್ಜಂಪುರವೂ ಒಂದು. ಅಲ್ಲಿಯವರೆಗೆ ತರೀಕೆರೆ ತಾಲ್ಲೂಕಿನಲ್ಲಿದ್ದ ಶಿವನಿ ಹೋಬಳಿ ಹೊಸ ತಾಲ್ಲೂಕಿಗೆ ಸೇರಿತು. ಸರ್ಕಾರದ ಕಾಗದದಲ್ಲಿ ಇದು ಕೆಲವೇ ಸಾಲುಗಳ ಸಂಗತಿ. ಊರಿನವರ ಕಣ್ಣಿಗೆ ಇದು ಕಂಡದ್ದು ಬೋರ್ಡುಗಳ ಮೇಲೆ. ರೈಲು ನಿಲ್ದಾಣದ ಹಳದಿ ಹಲಗೆಗೆ ತಾಲ್ಲೂಕಿನ ಹಂಗಿಲ್ಲ, ಅದು ಇದ್ದಂತೆಯೇ ಉಳಿಯಿತು. ಆದರೆ ಶಾಲೆ, ಸೊಸೈಟಿ, ಗೊಬ್ಬರದ ಅಂಗಡಿ, ಸಂಘಗಳ ಫಲಕಗಳಲ್ಲಿ 'ತರೀಕೆರೆ ತಾ॥' ಎಂದಿದ್ದದ್ದು ಒಂದೊಂದಾಗಿ 'ಅಜ್ಜಂಪುರ ತಾ॥' ಆಗತೊಡಗಿತು. ತಾಲ್ಲೂಕನ್ನು ಮಾಡಿದ್ದು ಸರ್ಕಾರವಾದರೂ, ಅದನ್ನು ಬೀದಿಯಲ್ಲಿ ಬರೆದವರು ಬೋರ್ಡ್ ಮಾಡುವವರು.

ಶಾಸನದಿಂದ ಫ್ಲೆಕ್ಸ್‌ವರೆಗಿನ ಸಾರ್ವಜನಿಕ ಬರಹ ನನ್ನ ಪಿಎಚ್.ಡಿ. ಅಧ್ಯಯನದ ವಸ್ತು. ಹಾಗಾಗಿ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಬೋರ್ಡ್ ಅಂಗಡಿಗಳಲ್ಲಿ ಕೂತು ಮಾತಾಡುವುದು ನನ್ನ ಕ್ಷೇತ್ರಕಾರ್ಯದ ಭಾಗ. ಶಿವನಿಯ ಇಂಥ ಒಂದು ಅಂಗಡಿಯ ಮಾಲೀಕರು ನಾನು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರಿಸಿ, ತಮ್ಮದೊಂದು ಪ್ರಶ್ನೆ ಮುಂದಿಟ್ಟರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಅವರ ಯಂತ್ರ ಹಳೆಯದು, ವಿಂಡೋಸ್ 11 ಅದರಲ್ಲಿ ಅಧಿಕೃತವಾಗಿ ಕೂರುವುದಿಲ್ಲ. ಇಂಜಿನಿಯರಿಂಗ್ ಓದುವ ಅಕ್ಕನ ಮಗ ಲಿನಕ್ಸ್ ಹಾಕಿಸು ಮಾವ ಎನ್ನುತ್ತಾನೆ. ಏನು ಮಾಡಲಿ?

"ಸಿಸ್ಟಮ್ ಯಾವ್ದಾದ್ರೂ ಹಾಕ್ಕೋಬೋದು ಕಣಪ್ಪ, ಹಳೇ ಫೈಲನ್ನ ಯಾರು ಓದ್ತಾರೆ?" ಎಂದು ತಾವೇ ಸೇರಿಸಿದರು.

ಕೇಳುವುದಕ್ಕೆ ಇದು ಖರ್ಚಿನ ಲೆಕ್ಕದಂತೆ ಕಾಣುತ್ತದೆ. ಆದರೆ ಬೋರ್ಡ್ ಅಂಗಡಿಯವನು ಇಪ್ಪತ್ತು ವರ್ಷ ಯಾಕೆ ವಿಂಡೋಸ್ ಬಿಟ್ಟು ಅಲುಗಲಾಗಲಿಲ್ಲ ಎಂಬುದನ್ನು ಹುಡುಕಹೊರಟರೆ, ಅದು ಕನ್ನಡ ಲಿಪಿ ಕಂಪ್ಯೂಟರಿನೊಳಗೆ ಹೊಕ್ಕ ರೀತಿಯ ಇತಿಹಾಸವಾಗುತ್ತದೆ.

ಕಂಪ್ಯೂಟರಿಗೆ ಮುಂಚೆ ಈ ಕಸುಬಿಗೆ ಬೇಕಿದ್ದದ್ದು ತಗಡು, ಎನಾಮಲ್ ಬಣ್ಣ, ಬೇರೆ ಬೇರೆ ಅಗಲದ ಕುಂಚಗಳು, ಗೆರೆ ಹೊಡೆಯಲು ದಾರ. ಅಕ್ಷರ ಬರೆಯುವವನ ಕೈಯಲ್ಲಿರುತ್ತಿತ್ತು. ಒಬ್ಬೊಬ್ಬ ಕಲಾವಿದನ 'ಶ್ರೀ' ಒಂದೊಂದು ಥರ, ದೂರದಿಂದಲೇ ಯಾರದೆಂದು ಹೇಳಬಹುದಿತ್ತು. ಆಮೇಲೆ ಗಾಡಿಗಳ ನಂಬರ್ ಪ್ಲೇಟಿಗೆ, ಗಾಜಿನ ಬಾಗಿಲಿಗೆ 'ರೇಡಿಯಂ' ಕಟಿಂಗ್ ಬಂತು. ಅದರ ಬೆನ್ನಿಗೆ ಫ್ಲೆಕ್ಸ್ ಬಂತು. ಎರಡಕ್ಕೂ ಅಕ್ಷರ ಕಂಪ್ಯೂಟರಿನಿಂದಲೇ ಹೊರಡಬೇಕು. ಕತ್ತರಿಸುವ ಯಂತ್ರಕ್ಕೆ ಬೇಕಾದದ್ದು ಅಕ್ಷರದ ಅಂಚಿನ ಗೆರೆ. ಅದನ್ನು ಕೊಡುತ್ತಿದ್ದದ್ದು ಕೋರೆಲ್‌ಡ್ರಾ.

ಆ ಹೊತ್ತಿಗೆ ಕನ್ನಡ ಕಂಪ್ಯೂಟರಿನೊಳಗೆ ಎರಡು ದಾರಿಯಲ್ಲಿ ಬಂದಿತ್ತು. ಒಂದು, ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಮತ್ತು 1991ರಲ್ಲಿ ಭಾರತೀಯ ಮಾನಕವಾದ 'ಇಸ್ಕಿ' ಸಂಕೇತ. ಇಲ್ಲಿ ಕಂಪ್ಯೂಟರ್ ನೆನಪಿಟ್ಟುಕೊಳ್ಳುವುದು ಅಕ್ಷರವನ್ನು, ಅದರ ಆಕಾರವನ್ನಲ್ಲ. ಇನ್ನೊಂದು, ಮುದ್ರಣಾಲಯಗಳು ಹಿಡಿದ ಹತ್ತಿರದ ದಾರಿ. ಆಗಿನ ಫಾಂಟಿನಲ್ಲಿ ಇದ್ದದ್ದು 256 ಮನೆಗಳು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡದ ಆಕಾರಗಳು ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಅಕ್ಷರಗಳನ್ನು ತುಂಡುಗಳಾಗಿ ಒಡೆದು, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮನೆಗಳಲ್ಲಿ ಆ ತುಂಡುಗಳನ್ನು ಕೂರಿಸಲಾಯಿತು. ಪರದೆಯ ಮೇಲೆ ತುಂಡುಗಳು ಅಕ್ಕಪಕ್ಕ ಬಂದಾಗ ಕನ್ನಡ ಕಾಣುತ್ತಿತ್ತು. ಶ್ರೀಲಿಪಿ, ಆಕೃತಿ ಮೊದಲಾದವು ಈ ಬಗೆಯವು. ಯಾವ ತುಂಡು ಯಾವ ಮನೆಯಲ್ಲಿ ಎಂಬುದನ್ನು ಒಂದೊಂದು ಕಂಪನಿ ತನಗೆ ತೋಚಿದಂತೆ ಇಟ್ಟುಕೊಂಡಿತ್ತು.

ಈ ಗೊಂದಲದ ನಡುವೆ ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗೆ ಹೊಂದುವ ಕೀಲಿಮಣೆ ವಿನ್ಯಾಸವೊಂದನ್ನು ರೂಪಿಸಿ, 'ಸೇಡಿಯಾಪು' ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. 2000ದ ನಂತರದ ಆರಂಭದ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನುಡಿಯನ್ನು ಸರ್ಕಾರಿ ಕಚೇರಿಗಳೆಲ್ಲ ಬಳಸತೊಡಗಿದವು. ಹಣ ಕೊಡಬೇಕಿಲ್ಲ, ಕಲಿಯುವುದು ಸುಲಭ. ತಾಲ್ಲೂಕು ಕಚೇರಿಯಿಂದ ಟೈಪಿಂಗ್ ಅಂಗಡಿಗೆ, ಅಲ್ಲಿಂದ ಬೋರ್ಡ್ ಅಂಗಡಿಗೆ ಅದು ತಾನಾಗಿ ಹರಡಿತು. ಈ ಉಪಕಾರವನ್ನು ಕನ್ನಡ ಮರೆಯುವಂತಿಲ್ಲ. ಆದರೆ ನುಡಿಯ ಹಳೆಯ ಫಾಂಟುಗಳೂ ತುಂಡುಗಳ ದಾರಿಯವೇ.

ಇದರ ಅರ್ಥವೇನೆಂದು ಶಿವನಿಯ ಹೆಸರಿನಿಂದಲೇ ನೋಡೋಣ. ನುಡಿ ಫಾಂಟಿನಲ್ಲಿ 'ಶಿವನಿ' ಎಂದು ಬರೆದರೆ ಕಂಪ್ಯೂಟರಿನ ನೆನಪಿನಲ್ಲಿ ಉಳಿಯುವುದು ನಾಲ್ಕು ಗುರುತು. 'ಶಿ' ಎಂಬುದು ವರ್ಗ ಸೂಚಿಸಲು ಸಂಖ್ಯೆಯ ಮೇಲೆ ಬರೆಯುವ ಪುಟ್ಟ ಎರಡು. 'ವ' ಎಂಬುದು ಸ್ಪ್ಯಾನಿಷ್ ಬರಹದಲ್ಲಿ ಬಳಸುವ ಒಂದು ಚಿಕ್ಕ 'ಎ' ಮತ್ತು ತಲೆಯ ಮೇಲೆ ಓರೆಗೆರೆ ಇರುವ ದೊಡ್ಡ 'ಎ', ಇವೆರಡರ ಜೋಡಿ. 'ನಿ' ಎಂಬುದು ನಾಲ್ಕು ಮೂಲೆಗೆ ಕಡ್ಡಿ ಚಾಚಿದ ಸೊನ್ನೆ, ಅಂದರೆ ಹಣದ ಸಾಮಾನ್ಯ ಚಿಹ್ನೆ. ನುಡಿ ಫಾಂಟ್ ಇರುವ ಯಂತ್ರದಲ್ಲಿ ಇದು ಶಿವನಿ. ಇಲ್ಲದ ಯಂತ್ರದಲ್ಲಿ ಯಾವ ಭಾಷೆಯೂ ಅಲ್ಲದ ಕಲಸುಮೇಲೋಗರ. ಇನ್ನೊಂದು ತಮಾಷೆಯೂ ಇದೆ. 'ಮ' ಬೇಕಾದರೆ ಈ ಫಾಂಟು 'ವ'ಕ್ಕೆ ಬಾಲವೊಂದನ್ನು ಅಂಟಿಸುತ್ತದೆ. ಕುಂಚ ಹಿಡಿದು ಬೋರ್ಡ್ ಬರೆಯುವವರೂ 'ವ' ಎಳೆದು, ಅಲ್ಲಿಂದಲೇ ಬಾಲ ಮುಂದುವರಿಸಿ 'ಮ' ಮಾಡುತ್ತಾರೆ. ಕಣ್ಣಿಗೆ ಎರಡೂ ಒಂದೇ. ಆದರೆ ನುಡಿಯ ಹಳೆಯ ಫೈಲಿನಲ್ಲಿ 'ಮ' ಎಂಬ ಅಕ್ಷರ ಎಲ್ಲೂ ಇಲ್ಲ, ಬಾಲ ಅಂಟಿದ 'ವ' ಮಾತ್ರ ಇದೆ.

ಯೂನಿಕೋಡ್ ಈ ತೊಡಕಿಗೆ ಉತ್ತರವಾಗಿತ್ತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಂದಿಗೆ ಕನ್ನಡವನ್ನು ಬೆಂಬಲಿಸಿತು, ಆದರೆ ಅದಕ್ಕೆ ಸೆಟ್ಟಿಂಗ್ ಬದಲಿಸಿ ಸಿ.ಡಿ. ಹಾಕಿ ಬೇರೆ ಕಡತಗಳನ್ನು ಇಳಿಸಿಕೊಳ್ಳಬೇಕಿತ್ತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಭಾಷೆಯ ಅಳಿವು ಉಳಿವಿನ ಪ್ರಶ್ನೆಯೆಂದೇ ಭಾವಿಸಿ ದುಡಿದದ್ದು ಈ ವರ್ಷಗಳಲ್ಲಿಯೇ. ನಮ್ಮದೇ ಜಿಲ್ಲೆಯ ಕಾಫಿ ತೋಟದಿಂದ ಎದ್ದ ಆ ದನಿ ಬಯಲ ಸೀಮೆಯ ಬೋರ್ಡ್ ಅಂಗಡಿಯ ಸಂಕಟವನ್ನೂ ಒಳಗೊಂಡಿತ್ತು ಎಂದು ಈಗ ಅನಿಸುತ್ತದೆ.

ಆಪರೇಟಿಂಗ್ ಸಿಸ್ಟಮ್ ಕನ್ನಡ ಕಲಿತರೆ ಸಾಲದು, ಅದರ ಮೇಲೆ ಕೂರುವ ಕೋರೆಲ್‌ಡ್ರಾ ಕೂಡ ಕಲಿಯಬೇಕು. ಅದು ಒತ್ತಕ್ಷರ ಕೂಡಿಸಿ ಬರೆಯುವ ನಮ್ಮಂಥ ಲಿಪಿಗಳನ್ನು ಸರಿಯಾಗಿ ನಿಭಾಯಿಸತೊಡಗಿದ್ದು 2012ರ ಎಕ್ಸ್6 ಆವೃತ್ತಿಯಲ್ಲಿ. ಕರ್ನಾಟಕ ಸರ್ಕಾರ ಯೂನಿಕೋಡನ್ನು ಅಧಿಕೃತವಾಗಿ ಒಪ್ಪಿದ್ದೂ ಅದೇ ವರ್ಷ. ಅಂದರೆ ಎಕ್ಸ್‌ಪಿ ಬಂದ ಮೇಲೆ ಸುಮಾರು ಹನ್ನೊಂದು ವರ್ಷ, ಯಂತ್ರಕ್ಕೆ ಕನ್ನಡ ಗೊತ್ತಿದ್ದರೂ ಬೋರ್ಡ್ ಮಾಡುವ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಫ್ಲೆಕ್ಸ್ ಊರೂರಿಗೆ ಹಬ್ಬಿದ್ದು ಅದೇ ಕಾಲದಲ್ಲಿ. ಆ ಹೊತ್ತಿನಲ್ಲಿ ಕೆಲಸ ನಡೆಸಬೇಕಾದವನಿಗೆ ಇದ್ದ ದಾರಿ ಒಂದೇ: ವಿಂಡೋಸ್, ಅದರ ಮೇಲೆ ಕೋರೆಲ್, ಅದರೊಳಗೆ ನುಡಿ ಅಥವಾ ಶ್ರೀಲಿಪಿ.

ಇಲ್ಲಿ ದೂರದ ಕೆನಡಾದ ಒಂದು ಪ್ರಸಂಗವನ್ನು ನೆನೆಯಬೇಕು. ಕೋರೆಲ್ ಕಂಪನಿ 1999ರಲ್ಲಿ ತನ್ನದೇ ಲಿನಕ್ಸನ್ನು ಹೊರತಂದಿತ್ತು. 2000ದಲ್ಲಿ ಲಿನಕ್ಸ್‌ಗಾಗಿ ಕೋರೆಲ್‌ಡ್ರಾ ಕೂಡ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯಲ್ಲಿ 13.5 ಕೋಟಿ ಡಾಲರ್ ಹೂಡಿತು. ಮರುವರ್ಷ ಕೋರೆಲ್ ತನ್ನ ಲಿನಕ್ಸ್ ವಿಭಾಗವನ್ನು ಮಾರಿತು. ನಮ್ಮ ಅಂಗಡಿಗಳಿಗೆ ಕೋರೆಲ್ ಬಂದು ನೆಲೆಯೂರುವ ಹೊತ್ತಿಗೆ ಲಿನಕ್ಸಿನ ಬಾಗಿಲು ಆ ಕಡೆಯಿಂದಲೇ ಮುಚ್ಚಿತ್ತು.

ಈಗ ಸ್ಥಿತಿ ಬೇರೆ. 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ ಲಿನಕ್ಸ್, ವಿಂಡೋಸ್ ಎರಡರಲ್ಲೂ ಯೂನಿಕೋಡ್ ಕನ್ನಡವನ್ನು ಚೆನ್ನಾಗಿ ಮೂಡಿಸುತ್ತದೆ. ಗುಬ್ಬಿ, ನವಿಲು, ಲೋಹಿತ್, ನೋಟೊ ಫಾಂಟುಗಳಿವೆ. ಬೋರ್ಡಿಗೆ ಬೇಕಾದ ದಪ್ಪ ಅಕ್ಷರಕ್ಕೆ 'ಬಾಲೂ ತಮ್ಮ'ದಂಥವು ಸಿಗುತ್ತವೆ. ನುಡಿಯ ಕೀಲಿಮಣೆ ವಿನ್ಯಾಸವೇ ಲಿನಕ್ಸಿನಲ್ಲಿಯೂ ಇರುವುದರಿಂದ ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಹಾಗೆಂದು ಅಕ್ಕನ ಮಗ ಹೇಳಿದಷ್ಟು ಸಲೀಸೂ ಅಲ್ಲ. ರೇಡಿಯಂ ಕತ್ತರಿಸುವ ಯಂತ್ರದ ಡ್ರೈವರ್ ವಿಂಡೋಸಿಗೆ ಮಾತ್ರ ಇರಬಹುದು. ಫ್ಲೆಕ್ಸ್ ಮುದ್ರಿಸುವ ಯಂತ್ರ ಶಿವನಿಯ ಅಂಗಡಿಯಲ್ಲಿಲ್ಲ, ಫೈಲ್ ದೊಡ್ಡ ಊರಿಗೆ ಹೋಗಬೇಕು. ಅಲ್ಲಿಯವರು ಕೇಳುವುದು ಕೋರೆಲ್ ಫೈಲನ್ನು. ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕದಲ್ಲಿ ಇಂಕ್‌ಸ್ಕೇಪ್ ಇನ್ನೂ ಹಿಂದೆ. ಜೊತೆಗೆ ಹಳೆಯ ಫೈಲುಗಳಿವೆ. ನುಡಿಯ ಫಾಂಟನ್ನು ಲಿನಕ್ಸಿಗೆ ಹಾಕಿಕೊಂಡರೆ ಹಳೆಯ ಅಕ್ಷರ ಕಾಣಬಹುದು. ಆದರೆ ಅದರಲ್ಲಿ ಒಂದು ಹೆಸರು ತಿದ್ದಬೇಕಾದರೆ ಆ ತುಂಡುಗಳನ್ನು ಜೋಡಿಸಿಕೊಡುವ ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸಿನದು.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಈ ಹಳೆಯ ಫೈಲುಗಳೇ. ಆ ಕಂಪ್ಯೂಟರಿನಲ್ಲಿ ಹದಿನೈದು ವರ್ಷದ ಊರಿದೆ: ಜಾತ್ರೆಯ ಸ್ವಾಗತ, ಶಾಲಾ ವಾರ್ಷಿಕೋತ್ಸವ, ಪಂಚಾಯಿತಿ ಚುನಾವಣೆ, ಗಣಪತಿ ಸೇವಾ ಸಮಿತಿಯ ಸದಸ್ಯರ ಪಟ್ಟಿ, ಭಾವಪೂರ್ಣ ಶ್ರದ್ಧಾಂಜಲಿ. ಬೇರೆಲ್ಲೂ ಅಚ್ಚಾಗದ ಹೆಸರುಗಳು ಇವು. ಮುದ್ರಣಕ್ಕೆ ಕಳಿಸುವಾಗ ಅಲ್ಲಿ ಫಾಂಟ್ ಇಲ್ಲದೆ ಅಕ್ಷರ ಕೆಡಬಾರದೆಂದು ಎಲ್ಲವನ್ನೂ 'ಕರ್ವ್' ಮಾಡುವುದು ರೂಢಿ. ಕರ್ವ್ ಮಾಡಿದ ಮೇಲೆ ಅಕ್ಷರ ಬರೀ ಗೆರೆ. ತುಂಡುಗಳೂ ಉಳಿಯುವುದಿಲ್ಲ. ಆ ಯಂತ್ರದಲ್ಲಿ ಕೂತು 'ಶಿವನಿ' ಎಂದು ಹುಡುಕಿದರೆ, ಹೆಸರು ನೂರು ಬೋರ್ಡಿನಲ್ಲಿದ್ದರೂ ಒಂದೂ ಸಿಗುವುದಿಲ್ಲ.

ತರೀಕೆರೆ ಪಕ್ಕದ ಅಮೃತಾಪುರದ ಅಮೃತೇಶ್ವರ ದೇವಾಲಯ 1196ರದು. ಅಲ್ಲಿನ ಶಾಸನವನ್ನು ನಾವು ಇವತ್ತೂ ನಿಂತು ಓದುತ್ತೇವೆ. ಬಿ.ಎಲ್. ರೈಸ್ ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿ, ಆಗಿನ ಕಡೂರು ಜಿಲ್ಲೆಯ ಹೆಸರಿನಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಕಲ್ಲು ಉಳಿದದ್ದು ಗಟ್ಟಿ ಎಂಬ ಕಾರಣಕ್ಕಷ್ಟೇ ಅಲ್ಲ. ಅದನ್ನು ಓದಲು ಲಿಪಿ ಬಲ್ಲವನ ಕಣ್ಣು ಸಾಕಿತ್ತು, ನಡುವೆ ಯಾವ ಕಂಪನಿಯ ಕೀಲಿಕೈಯೂ ಬೇಕಿರಲಿಲ್ಲ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ, ಕಂಡರಿಸಿದವನ ಹೆಸರಿರುತ್ತದೆ. ನಮ್ಮ ಬೋರ್ಡುಗಳ ಕೆಳಮೂಲೆಯಲ್ಲಿ ಅಂಗಡಿಯ ಹೆಸರು, ಮೊಬೈಲ್ ನಂಬರ್ ಇರುತ್ತದೆ. ಕಸುಬುದಾರನ ಈ ಸಹಿ ಇಂದಿಗೂ ನಿಂತಿಲ್ಲ. ನಿಂತಿರುವುದು ಮುಂದಿನವರು ಓದಬಲ್ಲರೆಂಬ ಭರವಸೆ.

ಹಾಗಾಗಿ ಅವರಿಗೆ ನಾನು ಹೇಳಿದ್ದು ಇಷ್ಟು. ಹಳೆಯ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ, ಕಟಿಂಗ್ ಯಂತ್ರಕ್ಕೂ ಹಳೆಯ ಫೈಲುಗಳಿಗೂ ಮೀಸಲಿಡಿ. ಹೊಸ ಕೆಲಸವನ್ನು ಇವತ್ತಿನಿಂದ ಯೂನಿಕೋಡಿನಲ್ಲಿ ಮಾಡಿ, ಕೋರೆಲ್ಲಿನಲ್ಲಿಯೇ ಆದರೂ ಸರಿ. ಕರ್ವ್ ಮಾಡುವ ಮುಂಚೆ ಅಕ್ಷರವಾಗಿಯೇ ಇರುವ ಒಂದು ಪ್ರತಿ ಇಟ್ಟುಕೊಳ್ಳಿ. ಪದೇ ಪದೇ ಬೇಕಾಗುವ ಹಳೆಯ ಬೋರ್ಡುಗಳ ಒಕ್ಕಣೆಯನ್ನು ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿಕೊಳ್ಳಿ, ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ನೋಡಿ. ಎರಡು ವರ್ಷ ಹೀಗೆ ನಡೆದರೆ, ಆಗ ವಿಂಡೋಸೋ ಲಿನಕ್ಸೋ ಎಂಬುದು ನಿಜಕ್ಕೂ ನೀವು ಆರಿಸಬಹುದಾದ ಮಾತಾಗುತ್ತದೆ. ಅವರು ಕೇಳಿಸಿಕೊಂಡು, "ಎರಡು ಕಾಪಿ ಇಡೋಕೆ ಟೈಮ್ ಯಾರು ಕೊಡ್ತಾರೆ, ಸಾವಿನ ಫ್ಲೆಕ್ಸ್ ಅಂದ್ರೆ ಅರ್ಧ ಗಂಟೇಲಿ ಬೇಕು" ಎಂದರು. ಆ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿರಲಿಲ್ಲ. ಕಸುಬಿನ ವೇಗವೂ ಈ ಇತಿಹಾಸದ ಒಂದು ಕಾರಣವೇ.

2024ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಫಲಕದ ಮೇಲೆ ಕನ್ನಡ ಎಷ್ಟು ಜಾಗ ಹಿಡಿದಿದೆ ಎಂದು ಅಧಿಕಾರಿ ಅಳೆದು ನೋಡಬಹುದು. ಅದನ್ನು ಮಾಡಿದ ಕಡತದಲ್ಲಿ ಕನ್ನಡ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಶಿವನಿ ಎಂಬ ಹೆಸರು ತಗಡಿನ ಮೇಲೆ ಎಷ್ಟು ದೊಡ್ಡದಾಗಿ ಹೊಳೆದರೂ, ಒಳಗೆ ಅದು ಪುಟ್ಟ ಎರಡು ಮತ್ತು ಕಡ್ಡಿ ಚಾಚಿದ ಸೊನ್ನೆಯಾಗಿ ಉಳಿದಿರುವವರೆಗೆ ಆ ಅಂಗಡಿಯ ಆಪರೇಟಿಂಗ್ ಸಿಸ್ಟಮನ್ನು ಬೇರೆ ಯಾರೋ ಆರಿಸಿಟ್ಟಿರುತ್ತಾರೆ.