ಉಗುರಿನ ಬಣ್ಣ ಒಣಗುವ ಹೊತ್ತು

ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಈ ಭಾಗದ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಗಂಡನ ಮನೆಯಿಂದ ಮಗಳನ್ನು ಕರೆತರಲು ಅಣ್ಣನೋ ತಮ್ಮನೋ ಹೊರಡುತ್ತಾನೆ. ತವರಿಗೆ ಬಂದವಳು ಜೋಕಾಲಿ ಆಡುತ್ತಾಳೆ, ಅಳ್ಳು ಉಂಡಿ ತಿನ್ನುತ್ತಾಳೆ, ಕೈಗೂ ಉಗುರಿಗೂ ಮದರಂಗಿ ಹಚ್ಚಿಕೊಳ್ಳುತ್ತಾಳೆ. ಈಗ ಈ ಮದರಂಗಿಯ ಮಗ್ಗುಲಲ್ಲಿ ಉಗುರುಬಣ್ಣದ ಪುಟ್ಟ ಬಾಟಲಿಯೂ ಬಂದು ಕುಳಿತಿದೆ. ಅದನ್ನು ಹಚ್ಚಿಕೊಂಡವರದು ಒಂದೇ ದೂರು: ಒಣಗಿತೆಂದು ಕೆಲಸಕ್ಕೆ ಕೈಹಾಕಿದರೆ ಬಣ್ಣ ಕಲೆಸಿ ಹೋಗುತ್ತದೆ. ಈ ಸಣ್ಣ ದೂರಿನ ಹಿಂದೆ ದೊಡ್ಡ ಇತಿಹಾಸವೊಂದಿದೆ. ಅದನ್ನು ತಿಳಿದುಕೊಂಡರೆ ಉಪಾಯವೂ ತಾನಾಗಿ ತಿಳಿಯುತ್ತದೆ.

ಮೊದಲು ಮದರಂಗಿಯ ಮಾತು. ಉಗುರಿಗೆ ಬಣ್ಣ ಕಟ್ಟುವ ಈ ಕಲೆ ಬಹು ಹಳೆಯದು. ಈಜಿಪ್ತ ದೇಶದ ಕೆಲವು ಮಮ್ಮಿಗಳ ಉಗುರುಗಳಲ್ಲಿಯೂ ಮದರಂಗಿಯ ಕೆಂಪು ಕಂಡುಬಂದಿದೆ. ಈ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ವಸ್ತುವಿದೆ. ಎಲೆಯನ್ನು ಅರೆದು ನಿಂಬೆರಸವನ್ನೋ ಹುಣಸೆಹುಳಿಯನ್ನೋ ಬೆರೆಸಿದಾಗ ಅದು ಬಿಡುಗಡೆಯಾಗಿ ಉಗುರಿನೊಳಕ್ಕೆ ಇಳಿದು ಅಲ್ಲಿಯೇ ಕೂಡಿಕೊಳ್ಳುತ್ತದೆ. ಈ ಕೆಲಸಕ್ಕೆ ತೇವ ಬೇಕು, ಹೊತ್ತೂ ಬೇಕು. ಆದುದರಿಂದಲೇ ನಮ್ಮ ಹಿರಿಯ ಹೆಂಗಸರು ಮದರಂಗಿ ಬೇಗ ಒಣಗದಂತೆ ಅದರ ಮೇಲೆ ಸಕ್ಕರೆ ನೀರನ್ನು ತಟ್ಟುತ್ತಿದ್ದರು. ರಾತ್ರಿಯೆಲ್ಲ ಕೈಗೆ ಬಟ್ಟೆ ಸುತ್ತಿ ಮಲಗಿಸುತ್ತಿದ್ದರು. ಹೀಗೆ ಕಟ್ಟಿದ ಬಣ್ಣವನ್ನು ತೊಳೆದು ತೆಗೆಯಲಾಗದು. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಹೊಸದಾಗಲು ಆರು ತಿಂಗಳು ಬೇಕು. ಪಂಚಮಿಯ ಕೆಂಪು ಸಂಕ್ರಾಂತಿಯ ಹೊತ್ತಿಗೂ ಉಗುರಿನ ತುದಿಯಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ.

ಬಾಟಲಿಯ ಬಣ್ಣದ ರೀತಿ ಇದಕ್ಕೆ ತೀರ ವಿರುದ್ಧವಾದುದು. ಅದು ಉಗುರಿನೊಳಗೆ ಇಳಿಯುವುದಿಲ್ಲ. ಮೇಲೆ ಪೊರೆಯಾಗಿ ನಿಲ್ಲುತ್ತದೆ. ಅದಕ್ಕೆ ತೇವವಾಗದು, ಒಣಗಲೇಬೇಕು. ಇಂಥ ಪೊರೆಯ ಬಣ್ಣಗಳಿಗೆ ಇಂಗ್ಲಿಷಿನವರು ‘ಲ್ಯಾಕರ್’ ಎನ್ನುತ್ತಾರೆ. ಆ ಶಬ್ದದ ಮೂಲ ನಮ್ಮ ‘ಲಾಕ್ಷಾ’, ಎಂದರೆ ಅರಗು. ಆದರೆ ಉಗುರುಬಣ್ಣದ ಪೊರೆ ಅರಗಿನದಲ್ಲ. ಅದು ಹತ್ತಿಯ ಕುಲಕ್ಕೆ ಸೇರಿದ್ದು ಎಂದರೆ ನೀವು ನಂಬುವಿರಾ?

ನವಲಗುಂದ ಅಣ್ಣಿಗೇರಿಗಳ ಎರಿಭೂಮಿಯವರಿಗೆ ಹತ್ತಿಯ ವಿಷಯ ಹೇಳಿಕೊಡಬೇಕಾಗಿಲ್ಲ. ಈ ನಾಡಿನ ಹತ್ತಿ ಹಿಂದೆ ಘಟ್ಟವಿಳಿದು ಕುಮಟೆಯ ಬಂದರದಿಂದ ಹಡಗು ಹತ್ತುತ್ತಿತ್ತು. ಆ ಬಂದರದ ಹೆಸರಿನಿಂದಲೇ ಅದು ಪೇಟೆಯಲ್ಲಿ ‘ಕುಮಟಾ’ ಹತ್ತಿಯೆನಿಸಿತು. ಜಿನ್ನಿನಲ್ಲಿ ಅರಳೆಯನ್ನು ಬಿಡಿಸಿದ ಮೇಲೂ ಹತ್ತಿಕಾಳಿಗೆ ಮೋಟು ನಾರು ಅಂಟಿಕೊಂಡಿರುವುದನ್ನು ನೀವು ನೋಡಿರುತ್ತೀರಿ. ನೂಲುವುದಕ್ಕೆ ಬಾರದ ಅಂಥ ನಾರಿಗೆ ರಸಾಯನಶಾಸ್ತ್ರಜ್ಞರು ಬೇರೊಂದು ಉಪಯೋಗವನ್ನು ಕಂಡುಕೊಂಡರು.

1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಶ್ಯೋನ್‌ಬೈನ್ ಎಂಬ ಪ್ರಾಧ್ಯಾಪಕನು ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲಗಳಲ್ಲಿ ಸಂಸ್ಕರಿಸಿ, ಮದ್ದಿನಂತೆ ಸಿಡಿಯುವ ಹತ್ತಿಯನ್ನು ಮಾಡುವ ಬಗೆಯನ್ನು ಕಂಡುಹಿಡಿದನು. ಇದೇ ನೈಟ್ರೋಸೆಲ್ಯುಲೋಸ್. ಇದಕ್ಕೆ ಸೌಮ್ಯವಾದ ರೂಪವೂ ಉಂಟು. ಅದನ್ನು ದ್ರವದಲ್ಲಿ ಕರಗಿಸಿ ಹಚ್ಚಿದರೆ ದ್ರವ ಹಾರಿಹೋಗಿ ಗಟ್ಟಿಯಾದ ಪೊರೆ ಉಳಿಯುತ್ತದೆ. ಹಳೆಯ ಸಿನೇಮಾ ಫಿಲ್ಮುಗಳು ಇದರವೇ ಆಗಿದ್ದವು. ಅವು ಕ್ಷಣದಲ್ಲಿ ಹೊತ್ತಿ ಉರಿಯುತ್ತಿದ್ದುದೂ ಇದರಿಂದಲೇ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಈ ವಸ್ತು ಮೋಟಾರಿನ ಕಾರಖಾನೆಗಳಿಗೆ ಬಂತು. ಅಲ್ಲಿಯವರೆಗೆ ಒಂದು ಗಾಡಿಗೆ ವಾರ್ನಿಶ್ ಬಳಿದು ಒಣಗಿಸಲು ವಾರಗಟ್ಟಲೆ ಹಿಡಿಯುತ್ತಿತ್ತು. 1923ರ ಸುಮಾರಿಗೆ ಅಮೇರಿಕದ ಡ್ಯೂಪಾಂಟ್ ಕಂಪನಿಯು ಹೊರತಂದ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವು ಆ ಕಾಲವನ್ನು ಗಂಟೆಗಳಿಗೆ ಇಳಿಸಿತು. ಇದೇ ಜಾತಿಯ ಬಣ್ಣವೇ ಪುಟ್ಟ ಕುಂಚದೊಡನೆ ಉಗುರಿನ ಬಾಟಲಿಗೂ ಇಳಿಯಿತು. 1932ರಲ್ಲಿ ಚಾರ್ಲ್ಸ್ ರೆವ್ಸನ್, ಅವನ ಅಣ್ಣ ಜೋಸೆಫ್ ಹಾಗೂ ಚಾರ್ಲ್ಸ್ ಲಾಕ್‌ಮನ್ ಎಂಬವರು ನ್ಯೂಯಾರ್ಕಿನಲ್ಲಿ ‘ರೆವ್ಲಾನ್’ ಕಂಪನಿಯನ್ನು ತೆರೆದು ದಟ್ಟ ಬಣ್ಣದ ಉಗುರುಲೇಪವನ್ನು ಮಾರಿದರು. ನಮ್ಮ ದೇಶದಲ್ಲಿ 1952ರಲ್ಲಿ ಟಾಟಾದವರು ‘ಲ್ಯಾಕ್ಮೆ’ಯನ್ನು ಆರಂಭಿಸಿದರು. ‘ಲಕ್ಷ್ಮೀ’ ಎಂಬ ನಮ್ಮ ಹೆಸರೇ ಫ್ರೆಂಚರ ಬಾಯಲ್ಲಿ ಹೀಗಾಗಿದೆ.

ಇಷ್ಟು ವೇಗವನ್ನು ಸಾಧಿಸಿದ ಬಣ್ಣವೂ ಒಂದು ನಿಯಮವನ್ನು ಮೀರಲಾರದು. ಅದು ಒಣಗುವುದು ಮೇಲಿನಿಂದ ಕೆಳಕ್ಕೆ. ಮೇಲೆ ಕೆನೆ ಕಟ್ಟಿದಾಗ ಒಣಗಿದಂತೆ ತೋರುತ್ತದೆ. ಅಡಿಯಲ್ಲಿ ದ್ರವ ಸಿಕ್ಕಿಬಿದ್ದು ಮೆತ್ತಗಿರುತ್ತದೆ. ಹಾಸಿಗೆಯ ಬಟ್ಟೆಯ ಗುರುತು ಬೆಳಿಗ್ಗೆ ಉಗುರಿನ ಮೇಲೆ ಮೂಡುವುದು ಇದರಿಂದಲೇ. ಆದುದರಿಂದ ಒಂದು ದಪ್ಪ ಲೇಪಕ್ಕಿಂತ ಎರಡು ತೆಳುವಾದ ಲೇಪಗಳು ಲೇಸು. ನಡುವೆ ಕೆಲವು ನಿಮಿಷ ಬಿಡಬೇಕು. ಹಚ್ಚುವ ಮೊದಲು ಉಗುರಿನ ಮೇಲಿನ ಎಣ್ಣೆಯ ಜಿಡ್ಡನ್ನು ಒರೆಸಬೇಕು. ಬಾಟಲಿಯನ್ನು ಕುಲುಕಿದರೆ ಗಾಳಿಯ ಗುಳ್ಳೆ ಸೇರುತ್ತದೆ. ಅಂಗೈಗಳ ನಡುವೆ ಹೊರಳಿಸಿದರೆ ಸಾಕು. ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ಶ್ರಾವಣದ ಗಾಳಿ ಒದ್ದೆಯಾಗಿರುತ್ತದೆ. ದ್ರವ ಹಾರುವಾಗ ಪೊರೆ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಕೂತು ಬಣ್ಣ ಮಬ್ಬಾಗುವುದುಂಟು. ಮಳೆ ಸುರಿಯುವಾಗ ಕಿಟಕಿಯ ಬಳಿ ಕುಳಿತು ಹಚ್ಚಿಕೊಳ್ಳಬೇಡಿ. ಹಾಗೆಂದು ಒಲೆಯ ಮುಂದೆ, ದೀಪದ ಮುಂದೆ ಕೈಯೊಡ್ಡಿ ಒಣಗಿಸಲು ಮಾತ್ರ ಎಂದಿಗೂ ಹೋಗಬೇಡಿ. ಇದರ ಮೂಲ ಸಿಡಿಯುವ ಹತ್ತಿಯೆಂಬುದನ್ನು ಮರೆಯಬಾರದು. ಅದನ್ನು ಕರಗಿಸಿದ ದ್ರವದ ಆವಿಗೂ ಬೇಗ ಬೆಂಕಿ ಹತ್ತುತ್ತದೆ.

ಇವೆಲ್ಲವನ್ನು ಮಾಡಿದರೂ ಒಂದು ವಸ್ತು ಬೇಕೇ ಬೇಕು: ಬಿಡುವು. ಕೈಗೆ ಮದರಂಗಿ ಹಚ್ಚಿದ ಹೆಣ್ಣುಮಗಳಿಗೆ ಆ ರಾತ್ರಿ ಯಾರೂ ಕೆಲಸ ಹೇಳುತ್ತಿರಲಿಲ್ಲ. ಕೊಡ ಎತ್ತುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ. ತಾಯಿಯೋ ಅತ್ತಿಗೆಯೋ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ವರ್ಷವೆಲ್ಲ ಕಳೆ ಕಿತ್ತು, ಹತ್ತಿ ಬಿಡಿಸಿ, ಸೆಗಣಿ ಸಾರಿಸಿ ದಣಿದ ಕೈಗಳಿಗೆ ಹಬ್ಬವು ಕೊಡಿಸಿದ ರಜೆ ಅದು. ಬಾಟಲಿಯ ಬಣ್ಣ ಕೇಳುವುದು ಬರಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಆದರೆ ಅದಕ್ಕೆ ಹಬ್ಬದ ಬೆಂಬಲವಿಲ್ಲ. ಎರಡನೆಯ ಬೆರಳಿಗೆ ಹಚ್ಚುವಷ್ಟರಲ್ಲಿ ಚಹಾ ಕೇಳುವವರು ಬಂದಿರುತ್ತಾರೆ.

ಪಟ್ಟಣಗಳ ಬ್ಯೂಟಿ ಪಾರ್ಲರುಗಳಲ್ಲಿ ಈಗ ‘ಜೆಲ್’ ಎಂಬ ಲೇಪವೂ ಬಂದಿದೆ. ಅದನ್ನು ನೇರಳಾತೀತ ಕಿರಣದ ದೀಪದಡಿ ಹಿಡಿದರೆ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಅದು ಒಣಗುವುದಲ್ಲ, ಬೆಳಕಿನಿಂದ ಬೆಸೆದುಕೊಳ್ಳುವುದು. ಬಿಡುವಿಲ್ಲದವರಿಗೆ ವಿಜ್ಞಾನ ಕೊಟ್ಟ ಉಪಾಯವೆನ್ನಿ. ಆದರೆ ಮನೆಯಲ್ಲಿ ಇದಕ್ಕಿಂತ ಸುಲಭವಾದ ಉಪಾಯವಿದೆ. ಮುಂದಿನ ಪಂಚಮಿಗೆ ತವರಿಗೆ ಬಂದ ಮಗಳು ಬಾಟಲಿ ಬಿಚ್ಚಿ ಕುಳಿತಾಗ, ಒಲೆಯ ಮೇಲಿನ ಹಾಲನ್ನು ನೀವು ನೋಡಿಕೊಳ್ಳಿರಿ. ಬಣ್ಣ ಚೆನ್ನಾಗಿಯೇ ಒಣಗುತ್ತದೆ.