ಕೊಲ್ಹಾಪುರದ ಹೆಸರು, ಅಥಣಿಯ ಕೈ

ನಮ್ಮ ಕಾಕಾ ತಮ್ಮ ಲಗ್ನಕ್ಕೆಂದು ಕೊಲ್ಹಾಪುರಕ್ಕೆ ಹೋಗಿ ಒಂದು ಜೋಡು ಚಪ್ಪಲಿ ತಂದಿದ್ದರು. "ಮಹಾರಾಜರ ಊರಿನ ಮಾಲು ರೀ, ಹಾಕ್ಕೊಂಡ್ರ ನಡಿಗಿನ ಬ್ಯಾರೆ ಆಗ್ತೈತಿ" ಅಂದಿದ್ದನಂತೆ ಅಂಗಡಿಯವ. ಕಾಕಾ ಚೌಕಾಸಿನೂ ಮಾಡಲಿಲ್ಲ. ಮುಂದೆ ಉಂಗುಟ ಕಿತ್ತಾಗ ಅದನ್ನು ನಾನು ಅಥಣಿಗೆ ಒಯ್ದೆ. ಅಲ್ಲಿನ ಅಜ್ಜ ಹೊಲಿಗೆ ನೋಡಿ ನಕ್ಕುಬಿಟ್ಟ: "ತಮ್ಮಾ, ಇದು ನಮ್ಮ ಓಣಿದ ಐತಿ!"

ಹಾಗಾದರೆ ಕಾಕಾ ದುಡ್ಡು ಕೊಟ್ಟದ್ದು ಚರ್ಮಕ್ಕೋ, ಹೆಸರಿಗೋ?

ಅಥಣಿ, ನಿಪ್ಪಾಣಿ, ಮದಭಾವಿ ಕಡೆಯ ಸಮಗಾರ ಕುಟುಂಬಗಳು ತಲೆತಲಾಂತರದಿಂದ ಈ ಕಾಲ್ಮರಿ ಮಾಡುತ್ತ ಬಂದಿವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ, ಚರ್ಮದ ಎಳೆಯಿಂದಲೇ ಹೊಲಿಗೆ, ಒಂದು ಮೊಳೆಯೂ ಇಲ್ಲ. ಮೇಲಿನ ಹೆಣಿಗೆಯ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಆದರೆ ಪೇಟೆ ಇದ್ದದ್ದು ಕೊಲ್ಹಾಪುರದಲ್ಲಿ. ನಮ್ಮ ರಾಯಬಾಗವೂ ಒಂದು ಕಾಲಕ್ಕೆ ಆ ಸಂಸ್ಥಾನದ್ದೇ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರ ಮೇಲೆ ಈ ಭಾಗದವರಿಗೆ ಇಂದಿಗೂ ಅಭಿಮಾನ. ವ್ಯಾಪಾರಿ ಮಾರಿದ್ದು ಆ ಅಭಿಮಾನವನ್ನೇ. ಜೊತೆಗೆ ಆ 'ಕರ್ ಕರ್' ಸಪ್ಪಳ! ಊರಾಗ ಗತ್ತಿನಿಂದ ನಡೆಯುವ ಆಸೆಯನ್ನು ಆ ಸಪ್ಪಳವೇ ಮಾರುತ್ತಿತ್ತು.

ಭಾವನೆ ಮಾರುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆ ಹೆಸರಿನಿಂದಲೇ ಎಷ್ಟೋ ಮನೆಗಳ ಒಲೆ ಉರಿದಿದೆ. ನನಗೆ ಚುಚ್ಚುವುದು ಬೇರೆ. ಲಗ್ನದ ಹಂದರದಲ್ಲಿ ಮೆರೆಯುವ ಚಪ್ಪಲಿಯನ್ನು ಮಾಡಿದವನು ಅದೇ ಹಂದರದ ಹೊರಗೆ ನಿಲ್ಲಬೇಕಿತ್ತಲ್ಲ!

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕ ಸುದ್ದಿ ಬಂತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಅದರಲ್ಲಿ ಹಕ್ಕಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇಂಥದ್ದೇ ಚಪ್ಪಲಿ ತೋರಿಸಿತು, ಮೂಲದ ಹೆಸರು ಹೇಳಲಿಲ್ಲ. ಗದ್ದಲವಾಯಿತು. ಆಮೇಲೆ ಭಾರತದ ಪ್ರೇರಣೆ ಎಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, ನಮ್ಮ ಲಿಡ್ಕರ್ ಜೊತೆ 2,000 ಜೋಡಿಗಳ ಒಪ್ಪಂದ ಹೊರಬಂತು. ಜೋಡಿಗೆ ಸುಮಾರು 800 ಯೂರೋ! ಈಗ ಮಾರಾಟಕ್ಕಿರುವುದು 'ಕುಶಲಕರ್ಮಿಯ ಕಥೆ' ಎಂಬ ಭಾವನೆ.

ಕಥೆ ಅಂದಕೂಡಲೇ ನಮಗೆ ಹರಳಯ್ಯ ನೆನಪಾಗುತ್ತಾನೆ. ಬಸವಣ್ಣನವರು ಹೇಳಿದ ಒಂದು ಹೆಚ್ಚಿನ 'ಶರಣು' ತೀರಿಸಲು ತನ್ನ ತೊಡೆಯ ಚರ್ಮದಲ್ಲೇ ಪಾದರಕ್ಷೆ ಮಾಡಿದನಂತೆ. ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರಂತೆ. ಅಲ್ಲಿ ಮಾಡಿದವನ ಹೆಸರು ಎಲ್ಲರಿಗೂ ಗೊತ್ತು, ಬೆಲೆ ಯಾರಿಗೂ ಗೊತ್ತಿಲ್ಲ. ನಮ್ಮ ಪೇಟೆಯಲ್ಲಿ ಇದು ತಿರುಗುಮುರುಗು.

ಮುಂದಿನ ಸಲ ಕೊಲ್ಹಾಪುರಿ ಕೊಳ್ಳುವಾಗ "ಯಾವ ಊರಾಗ ಮಾಡಿದ್ದು?" ಅಂತ ಒಂದು ಮಾತು ಕೇಳಿ ನೋಡಿ. ಚಿಕ್ಕೋಡಿ, ಕಾಗವಾಡದ ಕಡೆ ಬಂದರೆ ಅಥಣಿಗೆ ಹೋಗಿ, ಮಾಡಿದವರ ಕೈಯಿಂದಲೇ ಕೊಳ್ಳಿ. ನಾನಂತೂ ಹಾಗೇ ಮಾಡುತ್ತೇನೆ.